ವಾದ್ಯಶಿಲ್ಪಿ ಅಡಾಲ್ಫ್ ಸ್ಯಾಕ್ಸ್

ಸಂಸ್ಕೃತದಲ್ಲಿ ಮುಖವೆಂದರೆ ಬಾಯಿ ಎಂಬ ಅರ್ಥವೂ ಉಂಟು. ಬಾಯಿಯಿಂದ ಊದಿ ನುಡಿಸುವ ಪುಟ್ಟ ವಾದ್ಯವೊಂದಕ್ಕೆ ನಮ್ಮ ಹಿರಿಯರು ಮುಖವೀಣೆ ಎಂದು ಹೆಸರಿಟ್ಟರು. ನದಿಯು ಕಡಲನ್ನು ಸೇರುವ ಎಡೆ ನದೀಮುಖ. ಒಂದು ಪಕ್ಷದ ಇಲ್ಲವೆ ಸಂಸ್ಥೆಯ ಅಭಿಪ್ರಾಯವನ್ನು ಸಾರುವ ಪತ್ರಿಕೆ ಅದರ ಮುಖವಾಣಿ. ಇಂಗ್ಲಿಷಿನವರು ಮೌತ್‌ಪೀಸ್ ಎಂಬ ಒಂದೇ ಮಾತಿನಲ್ಲಿ ಇಂತಹ ಹಲವು ಅರ್ಥಗಳನ್ನು ಅಡಗಿಸಿದ್ದಾರೆ. ದೂರವಾಣಿಯಲ್ಲಿ ನಾವು ಬಾಯಿಯ ಬಳಿ ಹಿಡಿಯುವ ಭಾಗ, ಹುಕ್ಕದ ನಳಿಗೆಯ ತುದಿ, ನೀರಿನಾಳಕ್ಕೆ ಇಳಿಯುವವನು ಹಲ್ಲುಗಳ ನಡುವೆ ಕಚ್ಚಿಕೊಂಡು ಉಸಿರಾಡುವ ರಬ್ಬರಿನ ತುಂಡು, ಇನ್ನೊಬ್ಬರ ಪರವಾಗಿ ಮಾತನಾಡುವ ವ್ಯಕ್ತಿ, ಇವೆಲ್ಲವೂ ಮೌತ್‌ಪೀಸುಗಳೇ. ಆದರೆ ಈ ಮಾತಿನ ಮಹಿಮೆಯನ್ನು ನಿಜವಾಗಿ ಅರಿಯಬೇಕಾದರೆ ಊದುವ ವಾದ್ಯಗಳ ಕಡೆಗೆ ನೋಡಬೇಕು.

ಕೊಳಲಿಗೆ ಪ್ರತ್ಯೇಕವಾದ ಬಾಯಿಯಿಲ್ಲ; ಬಿದಿರಿನಲ್ಲಿ ಕೊರೆದ ರಂಧ್ರದ ಅಂಚಿಗೆ ಉಸಿರು ತಾಗಿ ಸೀಳಿಹೋಗುವಾಗ ನಾದವು ಹುಟ್ಟುತ್ತದೆ. ಕೊಂಬು ಕಹಳೆಗಳಲ್ಲಿ ನುಡಿಸುವವನ ತುಟಿಗಳೇ ಅದುರುತ್ತವೆ. ಪಾಶ್ಚಾತ್ಯರ ಹಿತ್ತಾಳೆಯ ತುತ್ತೂರಿಗಳಿಗೆ ಈ ತುಟಿಗಳನ್ನು ಒತ್ತಿಕೊಳ್ಳಲು ಚಿಕ್ಕ ಬಟ್ಟಲಿನಂತಹ ತುದಿಯೊಂದನ್ನು ಜೋಡಿಸಿರುತ್ತಾರೆ. ನಮ್ಮ ನಾಗಸ್ವರದ ಪೀಪಿಯಲ್ಲಿ ಎರಡು ತೆಳುವಾದ ದಳಗಳು ಒಂದಕ್ಕೊಂದು ಎದುರಾಗಿ ಕಂಪಿಸುತ್ತವೆ. ಕ್ಲಾರಿನೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾದ ಒಂದು ತುಂಡಿನ ಕೆಳಮೈಗೆ, ಜೊಂಡುಜಾತಿಯ ಗಿಡದ ಕಾಂಡವನ್ನು ಸೀಳಿ ಹೆರೆದ ಒಂದೇ ನಾಲಗೆಯನ್ನು ಬಿಗಿದಿರುತ್ತಾರೆ. ಈ ನಾಲಗೆಗೆ ರೀಡ್ ಎಂದು ಹೆಸರು. ಫ್ರೆಂಚರು ಕೊಕ್ಕಿನಂತಹ ಬಾಯಿಯನ್ನು ಬೆಕ್ ಎಂದೂ ಬಟ್ಟಲಿನಂತಹ ಬಾಯಿಯನ್ನು ಆಂಬುಷೂರ್ ಎಂದೂ ಬೇರೆ ಬೇರೆಯಾಗಿ ಕರೆಯುತ್ತಾರೆ. ಬೆಕ್ ಎಂದರೆ ಕೊಕ್ಕು. ಆಂಬುಷೂರ್ ಎಂಬುದು ಬಾಯಿ ಎಂಬ ಮಾತಿನಿಂದಲೇ ಬಂದುದು. ನಮ್ಮ ನದೀಮುಖಕ್ಕೂ ಅವರದು ಅದೇ ಶಬ್ದ. ದೂರದೂರದ ಎರಡು ಭಾಷೆಗಳು ಒಂದೇ ಬಗೆಯಲ್ಲಿ ಯೋಚಿಸಿರುವುದು ವಿಸ್ಮಯವಲ್ಲವೆ?

ಪೀಪಿಯಿಲ್ಲದ ನಾಗಸ್ವರವು ಬರಿಯ ಮರದ ಕೊಳವೆ. ವಾದ್ಯದ ಒಡಲು ಎಷ್ಟೇ ದೊಡ್ಡದಿರಲಿ, ಅದರ ದನಿಯು ಮೊಳೆಯುವುದು ಬೆರಳುದ್ದದ ಆ ತುದಿಯಲ್ಲಿ. ಹಾಗಾದರೆ ಒಂದು ವಾದ್ಯದ ಬಾಯಿಯನ್ನು ತೆಗೆದು ಇನ್ನೊಂದರ ಒಡಲಿಗೆ ಇಟ್ಟರೆ ಏನಾದೀತು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದವನು ಅಡಾಲ್ಫ್ ಸ್ಯಾಕ್ಸ್. ಅವನಿಗೆ ದೊರೆತ ಉತ್ತರವೇ ಇಂದು ಅವನ ಹೆಸರನ್ನು ಹೊತ್ತಿರುವ ಸ್ಯಾಕ್ಸೊಫೋನ್.

ಸ್ಯಾಕ್ಸ್ 1814ರ ನವೆಂಬರ್ 6ರಂದು ಮ್ಯೂಸ್ ನದಿಯ ದಡದಲ್ಲಿರುವ ದಿನಾಂ ಎಂಬ ಊರಿನಲ್ಲಿ ಹುಟ್ಟಿದನು. ಈಗ ಬೆಲ್ಜಿಯಮ್ ದೇಶಕ್ಕೆ ಸೇರಿರುವ ಈ ಊರು ಹಿತ್ತಾಳೆ ತಾಮ್ರಗಳ ಕೆಲಸಕ್ಕೆ ನೂರಾರು ವರ್ಷಗಳಿಂದ ಹೆಸರಾದುದು. ತಂದೆ ತಾಯಿ ಇಟ್ಟ ಹೆಸರು ಆಂಟ್ವಾನ್ ಜೋಸೆಫ್. ಅಡಾಲ್ಫ್ ಎಂಬುದು ರೂಢಿಯಿಂದ ಬಂದುದು. ತಂದೆ ಚಾರ್ಲ್ಸ್ ಜೋಸೆಫ್ ಸ್ಯಾಕ್ಸನು ಮೊದಲು ಮರಗೆಲಸದವನಾಗಿದ್ದು, ಅನಂತರ ವಾದ್ಯಗಳ ತಯಾರಿಕೆಗೆ ತೊಡಗಿ, ಮಗನು ಇನ್ನೂ ಹಸುಗೂಸಾಗಿದ್ದಾಗಲೇ ಸಂಸಾರವನ್ನು ಬ್ರಸೆಲ್ಸ್ ನಗರಕ್ಕೆ ಸಾಗಿಸಿದನು. ಅಲ್ಲಿ ಅವನು ಅರಮನೆಗೆ ವಾದ್ಯಗಳನ್ನು ಒದಗಿಸುವಷ್ಟು ಪ್ರಸಿದ್ಧನಾದನು. ಹನ್ನೊಂದು ಮಂದಿ ಮಕ್ಕಳಲ್ಲಿ ಅಡಾಲ್ಫನೇ ಹಿರಿಯನು.

ಈ ಹುಡುಗನು ಬದುಕಿ ಉಳಿದುದೇ ಒಂದು ಸೋಜಿಗ. ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದು ತಲೆಯು ಕಲ್ಲಿಗೆ ಬಡಿಯಿತು. ಹಾಲೆಂದು ಬಗೆದು ಆಮ್ಲ ಬೆರೆತ ನೀರನ್ನು ಕುಡಿದನು. ಗುಂಡುಸೂಜಿಯನ್ನು ನುಂಗಿದನು. ಸಿಡಿಮದ್ದು ಸಿಡಿದು ಮೈ ಸುಟ್ಟಿತು. ವಾರ್ನಿಷ್ ಬಳಿದ ಸಾಮಾನುಗಳನ್ನು ಒಣಗಲು ಇಟ್ಟಿದ್ದ ಕೋಣೆಯಲ್ಲಿ ಮಲಗಿ, ವಿಷಗಾಳಿಯಿಂದ ಉಸಿರು ಕಟ್ಟಿಹೋಗುವ ಸ್ಥಿತಿಗೆ ಬಂದನು. ಒಮ್ಮೆ ನದಿಗೆ ಬಿದ್ದು ತೇಲಿಹೋಗುತ್ತಿದ್ದವನನ್ನು ಯಾರೋ ದಡಕ್ಕೆಳೆದರು. ಈ ಮಗು ದುರದೃಷ್ಟಕ್ಕೆಂದೇ ಹುಟ್ಟಿದೆ, ಇದು ಉಳಿಯಲಾರದು ಎಂದು ಹೆತ್ತ ತಾಯಿಯೇ ನಿರಾಶಳಾಗಿದ್ದಳಂತೆ. ನೆರೆಹೊರೆಯವರು ಅವನನ್ನು ಪುಟ್ಟ ಪ್ರೇತವೆಂದು ಕರೆಯುತ್ತಿದ್ದರೆಂದೂ ಹೇಳುವರು. ಈ ಕಥೆಗಳೆಲ್ಲವೂ ಹೇಳುವವರ ಬಾಯಲ್ಲಿ ಒಂದಿಷ್ಟು ಬೆಳೆದಿರಬಹುದು. ಆದರೂ ಅವನ ಮುಂದಿನ ಬಾಳನ್ನು ನೋಡಿದರೆ ತಾಯಿಯ ಅಳಲು ಪೂರ್ತಿ ಸುಳ್ಳಾಯಿತೆಂದು ಹೇಳುವಂತಿಲ್ಲ.

ಅಡಾಲ್ಫನು ತಂದೆಯ ಕಾರ್ಖಾನೆಯಲ್ಲಿಯೇ ಕೆಲಸ ಕಲಿತನು. ಉಪಕರಣಗಳೇ ಅವನ ಆಟಿಕೆಗಳು. ಅದರ ಜೊತೆಗೆ ಕೊಳಲು ಮತ್ತು ಕ್ಲಾರಿನೆಟ್ ವಾದನಗಳನ್ನೂ ಕ್ರಮವಾಗಿ ಅಭ್ಯಾಸಮಾಡಿದನು. ವಾದ್ಯವನ್ನು ಮಾಡುವ ಕೈ ಮತ್ತು ನುಡಿಸುವ ಬಾಯಿ ಒಬ್ಬನಲ್ಲಿಯೇ ಕೂಡಿದ್ದುದು ಅವನ ಭಾಗ್ಯ. ಹದಿನೈದರ ಹರೆಯದಲ್ಲಿ ಅವನು ದಂತದಿಂದ ಎರಡು ಕೊಳಲುಗಳನ್ನೂ ಒಂದು ಕ್ಲಾರಿನೆಟ್ಟನ್ನೂ ತಾನೇ ಕಡೆದು ಪ್ರದರ್ಶನಕ್ಕೆ ಕಳುಹಿಸಿದನು. 1838ರಲ್ಲಿ, ಮಂದ್ರಸ್ಥಾಯಿಯಲ್ಲಿ ನುಡಿಯುವ ಬಾಸ್ ಕ್ಲಾರಿನೆಟ್ಟನ್ನು ಸುಧಾರಿಸಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅದಕ್ಕೆ ಮೊದಲಿದ್ದ ಬಾಸ್ ಕ್ಲಾರಿನೆಟ್ಟುಗಳು ಅಪಶ್ರುತಿಯ ಒರಟು ವಾದ್ಯಗಳು. ಸ್ಯಾಕ್ಸನು ರಂಧ್ರಗಳನ್ನು ಕೈಗೆಟುಕುವ ಎಡೆಯಲ್ಲಿ ಅಲ್ಲ, ನಾದಶಾಸ್ತ್ರವು ಬಯಸುವ ಎಡೆಯಲ್ಲಿಯೇ ಕೊರೆದು, ಬೆರಳು ತಲುಪದ ರಂಧ್ರಗಳನ್ನು ಮುಚ್ಚಿ ತೆರೆಯಲು ಕೀಲಿಗಳನ್ನು ಅಳವಡಿಸಿದನು.

1841ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಅವನಿಗೆ ಮೊದಲ ಬಹುಮಾನ ಬರಬೇಕಾಗಿದ್ದಿತು. ಆದರೆ ತೀರ್ಪುಗಾರರು, ಇವನಿನ್ನೂ ಚಿಕ್ಕವನು, ಈಗಲೇ ಚಿನ್ನದ ಪದಕವನ್ನು ಕೊಟ್ಟುಬಿಟ್ಟರೆ ಮುಂದಿನ ಸಲ ಕೊಡಲು ಏನೂ ಉಳಿಯುವುದಿಲ್ಲವೆಂದು ವಾದಿಸಿ, ಅದಕ್ಕಿಂತ ಕಡಮೆಯ ಪದಕವನ್ನು ನೀಡಹೊರಟರು. ಸ್ಯಾಕ್ಸನು ಅದನ್ನು ಮುಟ್ಟಲಿಲ್ಲ. ಅಭಿಮಾನವು ಅವನ ಬಲವೂ ಆಗಿತ್ತು, ದೌರ್ಬಲ್ಯವೂ ಆಗಿತ್ತು.

ಆ ವೇಳೆಗಾಗಲೇ ಹೊಸ ವಾದ್ಯವೊಂದು ಅವನ ಕಾರ್ಖಾನೆಯಲ್ಲಿ ರೂಪುಗೊಳ್ಳುತ್ತಿತ್ತು. ಅಂದಿನ ವಾದ್ಯವೃಂದಗಳಲ್ಲಿ ಆಫಿಕ್ಲೈಡ್ ಎಂಬ ಹಿತ್ತಾಳೆಯ ವಾದ್ಯವು ಬಳಕೆಯಲ್ಲಿತ್ತು. ಅದರ ಒಡಲು ಶಂಕುವಿನಂತೆ ತುದಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುತ್ತಿತ್ತು. ಅದರ ಬಾಯಿ ತುತ್ತೂರಿಯ ಬಟ್ಟಲು. ದನಿ ದೊಡ್ಡದು, ಆದರೆ ನಯವಿಲ್ಲದ್ದು. ಕ್ಲಾರಿನೆಟ್ಟಿನ ದನಿಯಲ್ಲಿ ನಯವಿತ್ತು, ಬಯಲಿನಲ್ಲಿ ಸೇನೆಯ ಮುಂದೆ ನುಡಿಸುವಷ್ಟು ಕಸುವು ಇರಲಿಲ್ಲ. ಸ್ಯಾಕ್ಸನು ಆಫಿಕ್ಲೈಡಿನಂತಹ ಒಡಲಿಗೆ ಕ್ಲಾರಿನೆಟ್ಟಿನ ಜಾತಿಯ ಕೊಕ್ಕುಬಾಯನ್ನು ಇಟ್ಟುನೋಡಿದನೆಂದೂ, ಅಲ್ಲಿಂದಲೇ ಸ್ಯಾಕ್ಸೊಫೋನು ಹುಟ್ಟಿತೆಂದೂ ವಾದ್ಯಗಳ ಇತಿಹಾಸವನ್ನು ಬಲ್ಲವರು ಊಹಿಸುತ್ತಾರೆ. ಮೈ ಹಿತ್ತಾಳೆಯದಾದರೂ ಸ್ಯಾಕ್ಸೊಫೋನನ್ನು ಇಂದಿಗೂ ಮರದ ವಾದ್ಯಗಳ ಪಂಗಡಕ್ಕೆ ಸೇರಿಸುವುದು ಈ ಕಾರಣದಿಂದಲೇ. ವಾದ್ಯದ ಕುಲವನ್ನು ನಿರ್ಣಯಿಸುವುದು ಅದರ ಒಡಲಿನ ಲೋಹವಲ್ಲ, ಅದರ ಬಾಯಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಲಾರಿನೆಟ್ಟಿನ ಕೊಳವೆಯು ಉದ್ದಕ್ಕೂ ಬಹುಮಟ್ಟಿಗೆ ಒಂದೇ ಅಗಲವಾಗಿರುವುದು. ಬೆರಳುಗಳನ್ನು ಹಾಗೆಯೇ ಇಟ್ಟು ಮೇಲಿನ ಸ್ಥಾಯಿಗೆ ಹೋಗಲು ಯತ್ನಿಸಿದರೆ ಅದರ ನಾದವು ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರದೆ, ಅದನ್ನೂ ದಾಟಿ ಮೇಲಿನ ಪಂಚಮಕ್ಕೆ ಜಿಗಿಯುತ್ತದೆ. ಆದುದರಿಂದ ಕೆಳಗಿನ ಸ್ಥಾಯಿಗೊಂದು, ಮೇಲಿನ ಸ್ಥಾಯಿಗೊಂದು ಎಂದು ಎರಡು ಬಗೆಯ ಬೆರಳುಗಾರಿಕೆಯನ್ನು ಕಲಿಯಬೇಕು. ಶಂಕುವಿನಾಕಾರದ ಕೊಳವೆಯಲ್ಲಿ ಈ ತೊಡಕಿಲ್ಲ. ಷಡ್ಜವು ನೇರವಾಗಿ ಮೇಲಿನ ಷಡ್ಜಕ್ಕೆ ಏರುತ್ತದೆ. ಹೀಗಾಗಿ ಸಾಮಾನ್ಯ ಸೈನಿಕನೂ ಬೇಗನೆ ಕಲಿಯಬಲ್ಲ ವಾದ್ಯವೊಂದು ಸಿದ್ಧವಾಯಿತು. ಅದರ ಕೊಕ್ಕುಬಾಯಿಯ ಒಳಕೋಣೆಯನ್ನು ಸ್ಯಾಕ್ಸನು ವಿಶಾಲವಾಗಿ ಕೊರೆದು, ಒಡಲಿಗೆ ಕೂಡುವೆಡೆಯಲ್ಲಿ ಕಿರಿದು ಮಾಡಿದನು. ಇದರಿಂದ ದನಿಯು ತುಂಬಿ, ದುಂಡಗಾಗಿ ಹೊರಹೊಮ್ಮುತ್ತಿತ್ತು. ತಂತಿವಾದ್ಯಗಳ ಮಾಧುರ್ಯವೂ ಹಿತ್ತಾಳೆಯ ಕಸುವೂ ಒಂದರಲ್ಲಿಯೇ ಕೂಡಬೇಕೆಂಬುದು ಅವನ ಹಂಬಲ.

1842ರಲ್ಲಿ ಸ್ಯಾಕ್ಸನು ಪ್ಯಾರಿಸಿಗೆ ಬಂದನು. ಅವನ ಜೇಬಿನಲ್ಲಿ ಆಗ ಮೂವತ್ತು ಫ್ರಾಂಕುಗಳು ಮಾತ್ರ ಇದ್ದವಂತೆ. ಪ್ರಸಿದ್ಧ ಸಂಗೀತರಚನಕಾರನಾದ ಬರ್ಲಿಯೋಜನು ಅವನ ವಾದ್ಯಗಳನ್ನು ಕೇಳಿ ಬೆರಗಾಗಿ, ಅದೇ ವರ್ಷದ ಜೂನ್ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ಲೇಖನವನ್ನು ಬರೆದು ಹೊಗಳಿದನು. ಒಂದೇ ಲೇಖನದಿಂದ ಈ ಅಪರಿಚಿತ ಯುವಕನ ಹೆಸರು ಪ್ಯಾರಿಸಿನ ಸಂಗೀತಗಾರರ ನಾಲಗೆಯ ಮೇಲೆ ನಲಿಯಿತು. 1844ರ ಫೆಬ್ರುವರಿಯಲ್ಲಿ ಬರ್ಲಿಯೋಜನು ನಡೆಸಿದ ಕಚೇರಿಯಲ್ಲಿ ಸ್ಯಾಕ್ಸನೇ ತನ್ನ ವಾದ್ಯವನ್ನು ನುಡಿಸಿದನು. ವಾದ್ಯದ ಕೆಲಸವು ಇನ್ನೂ ಮುಗಿದಿರಲಿಲ್ಲ. ದಾರವನ್ನೂ ಅರಗನ್ನೂ ಹಾಕಿ ಬಿಗಿದುಕೊಂಡಿದ್ದನೆಂದು ಹೇಳುತ್ತಾರೆ. ಹೊಗಳುವುದರಲ್ಲಿ ಇಷ್ಟು ಧಾರಾಳಿಯಾದ ಬರ್ಲಿಯೋಜನು ಮುಂದೆ ತನ್ನ ದೊಡ್ಡ ಕೃತಿಗಳಲ್ಲಿ ಸ್ಯಾಕ್ಸೊಫೋನಿಗೆ ಎಡೆ ಕೊಡಲಿಲ್ಲವೆಂಬುದು ಬೇರೆ ಮಾತು.

ಫ್ರಾನ್ಸಿನ ಸೇನಾವಾದ್ಯವೃಂದಗಳು ಆಗ ತೀರ ಹೀನಸ್ಥಿತಿಗೆ ಇಳಿದಿದ್ದವು. ಅವುಗಳನ್ನು ಸುಧಾರಿಸಲು ಸ್ಯಾಕ್ಸನು ಹೊಸ ಯೋಜನೆಯನ್ನು ಸರಕಾರದ ಮುಂದಿಟ್ಟನು. ಇದರಲ್ಲಿ ಮುಖ್ಯವಾದುವು ಸ್ಯಾಕ್ಸ್‌ಹಾರ್ನ್ ಎಂಬ ಹಿತ್ತಾಳೆಯ ವಾದ್ಯಗಳು. ಇವುಗಳ ಬಾಯಿ ಕೊಕ್ಕಿನದಲ್ಲ, ಬಟ್ಟಲಿನದು. ತಾರದಿಂದ ಮಂದ್ರದವರೆಗೆ ಒಂದೇ ಮಾದರಿಯಲ್ಲಿ ಮಾಡಿದ ಈ ವಾದ್ಯಗಳನ್ನು, ಒಂದನ್ನು ಬಲ್ಲವನು ಇನ್ನೊಂದನ್ನೂ ಸುಲಭವಾಗಿ ನುಡಿಸಬಹುದಾಗಿತ್ತು. ಹಳೆಯ ಪದ್ಧತಿಯವರು ಇದನ್ನು ಒಪ್ಪಲಿಲ್ಲ. ಕಡೆಗೆ 1845ರ ಏಪ್ರಿಲ್ 22ರಂದು ಪ್ಯಾರಿಸಿನ ಷಾಂ ದ ಮಾರ್ಸ್ ಮೈದಾನದಲ್ಲಿ ಬಹಿರಂಗ ಸ್ಪರ್ಧೆಯು ಏರ್ಪಟ್ಟಿತು. ಒಂದು ಕಡೆಗೆ ಕರಾಫಾ ಎಂಬ ಹಿರಿಯ ಸಂಗೀತಗಾರನ ನಾಯಕತ್ವದಲ್ಲಿ 45 ಮಂದಿಯ ಹಳೆಯ ವೃಂದ. ಇನ್ನೊಂದು ಕಡೆಗೆ ಸ್ಯಾಕ್ಸನ ವೃಂದ. ಅವನ ಕಡೆಯಲ್ಲಿ ಏಳು ಮಂದಿ ಆ ದಿನ ಬರಲೇ ಇಲ್ಲ. ಎದುರಾಳಿಗಳು ಅವರ ಕೈಬೆಚ್ಚಗೆ ಮಾಡಿದ್ದರೆಂದು ಜನ ಆಡಿಕೊಂಡರು. ಉಳಿದ 38 ಮಂದಿಯೊಡನೆಯೇ ಸ್ಯಾಕ್ಸನು ಮೈದಾನಕ್ಕಿಳಿದನು. ಸುಮಾರು 20,000 ಜನ ನೆರೆದಿದ್ದರು. ತೆರೆದ ಬಯಲಿನಲ್ಲಿ ಹಳೆಯ ವೃಂದದ ದನಿಯು ತೆಳುವಾಗಿ ಚದುರಿಹೋಯಿತು. ಹೊಸ ವಾದ್ಯಗಳ ದನಿಯು ಜನಸಮೂಹದ ಕೊನೆಯವರೆಗೂ ಮುಟ್ಟಿತು. ಗೆಲವು ಯಾರದೆಂಬುದನ್ನು ತೀರ್ಪುಗಾರರಿಗಿಂತ ಮೊದಲೇ ಜನರ ಕರತಾಡನವು ಸಾರಿತು. ಅದೇ ವರ್ಷ ಸರಕಾರವು ಸ್ಯಾಕ್ಸನ ಯೋಜನೆಯನ್ನು ಅಂಗೀಕರಿಸಿತು. ಮರುವರ್ಷ, 1846ರ ಜೂನ್ 28ರಂದು ಸ್ಯಾಕ್ಸೊಫೋನಿಗೆ ಹದಿನೈದು ವರ್ಷಗಳ ಹಕ್ಕುಪತ್ರವು ದೊರೆಯಿತು.

ಗೆದ್ದ ದಿನದಿಂದಲೇ ಅವನ ನಿಜವಾದ ಕಷ್ಟಗಳು ಮೊದಲಾದವು. ಸೈನ್ಯಕ್ಕೆ ವಾದ್ಯಗಳನ್ನು ಒದಗಿಸಿ ಬಾಳುತ್ತಿದ್ದ ಪ್ಯಾರಿಸಿನ ತಯಾರಕರು ತಮ್ಮ ಅನ್ನಕ್ಕೆ ಕಲ್ಲು ಬಿದ್ದುದನ್ನು ಕಂಡು ಒಟ್ಟುಗೂಡಿದರು. ಸ್ಯಾಕ್ಸನು ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲವೆಂದು ಅವರು ನ್ಯಾಯಾಲಯದಲ್ಲಿ ದಾವೆಗಳನ್ನು ಹೂಡಿದರು. ಅವನದೇ ವಾದ್ಯಗಳನ್ನು ಕೊಂಡು, ಅವನ ಹೆಸರನ್ನು ಅಳಿಸಿ, ಪರದೇಶದ ತಯಾರಕರ ಮುದ್ರೆಯನ್ನು ಹಾಕಿಸಿ, ಇವು ಮೊದಲೇ ಇದ್ದವೆಂದು ಸಾಧಿಸಹೊರಟರೆಂಬ ಕಥೆಯೂ ಪ್ರಚಲಿತವಾಗಿದೆ. ಅವನ ಕೆಲಸಗಾರನೊಬ್ಬನನ್ನು ಕತ್ತಲೆಯಲ್ಲಿ ಸ್ಯಾಕ್ಸನೆಂದೇ ಭ್ರಮಿಸಿ ಇರಿದರೆಂದೂ ಹೇಳುವರು. ಎದುರಾಳಿಗಳೆಲ್ಲರೂ ದುಷ್ಟರಾಗಿದ್ದರೆಂದು ಮಾತ್ರ ತಿಳಿಯಬಾರದು. ಸ್ಯಾಕ್ಸ್‌ಹಾರ್ನುಗಳಂತಹ ವಾದ್ಯಗಳಿಗೆ ಹಿಂದಿನ ಮಾದರಿಗಳು ಇದ್ದುದು ನಿಜ. ಒಬ್ಬನಿಗೆ ಸೈನ್ಯದ ವ್ಯಾಪಾರವೆಲ್ಲ ಸೇರಿದಾಗ ನೂರಾರು ಕುಶಲಕರ್ಮಿಗಳ ಒಲೆ ಆರಿದುದೂ ನಿಜ. ಸ್ಯಾಕ್ಸನೂ ಬಗ್ಗುವವನಲ್ಲ. ಒಂದು ದಾವೆ ಮುಗಿಯುವ ಮುನ್ನ ಇನ್ನೊಂದು ಹುಟ್ಟುತ್ತಿತ್ತು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ವ್ಯಾಜ್ಯಗಳು ನಡೆದವು. ಹಲವನ್ನು ಅವನು ಗೆದ್ದನು. ಆದರೆ ಗೆದ್ದ ಹಣವು ವಕೀಲರ ಪಾಲಾಯಿತು.

1848ರ ಕ್ರಾಂತಿಯಲ್ಲಿ ರಾಜನು ಪದಚ್ಯುತನಾದಾಗ ಸ್ಯಾಕ್ಸನ ಯೋಜನೆಯೂ ರದ್ದಾಯಿತು. 1852ರಲ್ಲಿ ಅವನು ಮೊದಲ ಸಲ ದಿವಾಳಿಯಾದನು. ಮೂರನೆಯ ನೆಪೋಲಿಯನ್ ಚಕ್ರವರ್ತಿಯಾದ ಮೇಲೆ 1854ರಲ್ಲಿ ಮತ್ತೆ ರಾಜಾಶ್ರಯವು ದೊರಕಿ, ಚಕ್ರವರ್ತಿಯ ಪರಿವಾರದ ವಾದ್ಯಶಿಲ್ಪಿಯೆಂಬ ಪದವಿಯೂ ಬಂದಿತು.

ಇಷ್ಟರಲ್ಲಿ ವಿಧಿಯು ಅವನ ಬಾಯಿಗೇ ಕೈಹಾಕಿತು. ತುಟಿಯ ಮೇಲೆ ಗಡ್ಡೆಯೊಂದು ಕಾಣಿಸಿಕೊಂಡು ವರ್ಷದಿಂದ ವರ್ಷಕ್ಕೆ ಬೆಳೆಯತೊಡಗಿತು. ವಾದ್ಯಗಳ ಬಾಯಿಯನ್ನು ತಿದ್ದಿ ತೀಡಿದವನಿಗೆ ತನ್ನ ಬಾಯಿಂದ ಊದುವುದಿರಲಿ, ಅನ್ನವನ್ನು ನುಂಗುವುದೂ ಅಸಾಧ್ಯವಾಯಿತು. ನಳಿಗೆಯ ಮೂಲಕ ದ್ರವಾಹಾರವನ್ನು ಇಳಿಸಬೇಕಾಯಿತು. ಇದು ಕ್ಯಾನ್ಸರ್ ಎಂದು ವೈದ್ಯರು ಹೇಳಿದರು. ದವಡೆಯ ಒಂದು ಭಾಗವನ್ನು ಕೊಯ್ದು ತೆಗೆಯದೆ ಬೇರೆ ದಾರಿಯಿಲ್ಲವೆಂಬುದು ಅವರ ಅಭಿಪ್ರಾಯ. ದವಡೆ ಹೋದರೆ ಜೀವವು ಉಳಿದೀತು, ವಾದ್ಯವನ್ನು ಪರೀಕ್ಷಿಸಿ ನೋಡುವ ಬಾಯಿ ಉಳಿಯದು. ಆಗ ಪ್ಯಾರಿಸಿನಲ್ಲಿ ವ್ರಿಯೆಸ್ ಎಂಬ ಕಪ್ಪುವರ್ಣದ ಚಿಕಿತ್ಸಕನೊಬ್ಬನಿದ್ದನು. ದೂರದೇಶದ ಗಿಡಮೂಲಿಕೆಗಳಿಂದ ಅವನು ಮದ್ದು ಮಾಡುತ್ತಿದ್ದನು. ಸ್ಯಾಕ್ಸನು ಕೊಯ್ತವನ್ನು ಒಲ್ಲದೆ ಅವನ ಮೊರೆಹೊಕ್ಕನು. 1859ರ ಹೊತ್ತಿಗೆ ಗಡ್ಡೆಯು ಕರಗಿತು. ಕೃತಜ್ಞರಾದ ಮಿತ್ರರು ಔತಣವನ್ನೇ ಏರ್ಪಡಿಸಿದರು. ಆ ಚಿಕಿತ್ಸಕನಾದರೋ ಸುಳ್ಳುವೈದ್ಯನೆಂಬ ಆರೋಪಕ್ಕೆ ಗುರಿಯಾಗಿ ಮುಂದೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. ಗಡ್ಡೆಯು ನಿಜವಾಗಿ ಕ್ಯಾನ್ಸರೇ ಆಗಿತ್ತೆಂದು ನಂಬುವುದು ಇಂದಿನ ವೈದ್ಯಶಾಸ್ತ್ರದ ದೃಷ್ಟಿಯಿಂದ ಕಷ್ಟ. ಅದೇನೇ ಇರಲಿ, ಸ್ಯಾಕ್ಸನು ಇನ್ನೂ ಮೂವತ್ತೈದು ವರ್ಷ ಬದುಕಿದನು.

ಈ ಕಷ್ಟದ ನಡುವೆಯೂ ಅವನು ಪಾಠ ಹೇಳುವುದನ್ನು ಬಿಡಲಿಲ್ಲ. 1857ರಿಂದ ಪ್ಯಾರಿಸಿನ ಸಂಗೀತ ವಿದ್ಯಾಲಯದಲ್ಲಿ ಸೈನಿಕ ವಿದ್ಯಾರ್ಥಿಗಳಿಗೆ ಸ್ಯಾಕ್ಸೊಫೋನನ್ನು ಕಲಿಸುತ್ತಿದ್ದನು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನಿಗೆ ಅತ್ಯುನ್ನತ ಬಹುಮಾನವು ಬಂದಿತು. ಆದರೆ ಹಿಂದಿನ ವರ್ಷವೇ ಸ್ಯಾಕ್ಸೊಫೋನಿನ ಹಕ್ಕುಪತ್ರದ ಅವಧಿಯು ತೀರಿ, ಬೇರೆಯವರೂ ಅದನ್ನು ತಯಾರಿಸತೊಡಗಿದ್ದರು. 1870ರಲ್ಲಿ ಪ್ರಷ್ಯದೊಡನೆ ಯುದ್ಧವು ಮೊದಲಾಯಿತು. ಅವನ ತರಗತಿ ಮುಚ್ಚಿತು, ಚಕ್ರವರ್ತಿಯ ಆಶ್ರಯವೂ ಕಳಚಿತು. 1873ರಲ್ಲಿ ಮತ್ತೊಮ್ಮೆ, 1877ರಲ್ಲಿ ಮೂರನೆಯ ಸಲ ಸ್ಯಾಕ್ಸನು ದಿವಾಳಿಯಾದನು. ದೇಶದೇಶಗಳಿಂದ ಅವನು ಪ್ರೀತಿಯಿಂದ ಕೂಡಿಹಾಕಿದ್ದ ನಾನೂರಕ್ಕೂ ಹೆಚ್ಚಿನ ಅಪರೂಪದ ವಾದ್ಯಗಳು ಆ ವರ್ಷದ ಡಿಸೆಂಬರಿನಲ್ಲಿ ಹರಾಜಾದವು. ಅರವತ್ತಮೂರರ ಮುದುಕನಿಗೆ ದಾವೆಗಳಲ್ಲಿ ಸೋತುದಕ್ಕಿಂತ ಈ ನಷ್ಟವೇ ಹೆಚ್ಚು ನೋವನ್ನು ತಂದಿದ್ದೀತು. 1894ರ ಫೆಬ್ರುವರಿ 7ರಂದು ಅವನು ಪ್ಯಾರಿಸಿನಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಮೂರು ಸಲ ದಿವಾಳಿಯಾದ ಇದೇ ಸ್ಯಾಕ್ಸನ ಚಿತ್ರವನ್ನು ಬೆಲ್ಜಿಯಮ್ ದೇಶವು ಒಂದು ನೂರು ವರ್ಷಗಳ ತರುವಾಯ ತನ್ನ 200 ಫ್ರಾಂಕುಗಳ ನೋಟಿನ ಮೇಲೆ ಅಚ್ಚುಹಾಕಿತು.

ಸ್ಯಾಕ್ಸನು ಸಾಯುವಾಗ ಸ್ಯಾಕ್ಸೊಫೋನು ಬಹುಮಟ್ಟಿಗೆ ಸೇನಾವೃಂದಗಳ ವಾದ್ಯವಾಗಿಯೇ ಉಳಿದಿತ್ತು. ಬಿಜೆಯಂತಹ ಕೆಲವರು ಮಾತ್ರ ಅದನ್ನು ತಮ್ಮ ರಚನೆಗಳಲ್ಲಿ ಬಳಸಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜಾಜ್ ಸಂಗೀತಗಾರರು, ಅದರಲ್ಲಿಯೂ ಕರಿಯ ಜನಾಂಗದ ಮಹಾವಾದಕರು, ಅದಕ್ಕೆ ಹೊಸ ಬಾಳನ್ನು ಕೊಟ್ಟರು. ಅವರು ಬಯಸಿದುದು ಚುರುಕಾದ, ಇರಿಯುವಂತಹ ದನಿಯನ್ನು. ಅದಕ್ಕಾಗಿ ಮೌತ್‌ಪೀಸಿನ ಒಳಕೋಣೆಯನ್ನು ಕಿರಿದುಗೊಳಿಸಿ, ಎಬೊನೈಟ್ ಎಂಬ ಗಟ್ಟಿ ರಬ್ಬರಿನಿಂದಲೂ ಲೋಹದಿಂದಲೂ ಅದನ್ನು ಮಾಡಲಾಯಿತು. ಸ್ಯಾಕ್ಸನು ಮರದಲ್ಲಿ ವಿಶಾಲವಾಗಿ ಕೊರೆದ ಬಾಯಿಯಿಂದ ಬರುತ್ತಿದ್ದ ಮೆದುದನಿಯೇ ಬೇರೆ, ಇಂದು ನಾವು ಕೇಳುವ ದನಿಯೇ ಬೇರೆ. ಅವನು ಇಂದಿನ ಜಾಜ್ ಕಚೇರಿಗೆ ಬಂದರೆ ತನ್ನ ವಾದ್ಯವನ್ನು ಕಣ್ಣಿನಿಂದ ಗುರುತಿಸಿಯಾನು, ಕಿವಿಯಿಂದ ಗುರುತಿಸುವುದು ಕಷ್ಟವಾದೀತು.

ಕನ್ನಡನಾಡಿಗೂ ಈ ವಾದ್ಯವು ಬಂದುದು ಬ್ಯಾಂಡಿನ ದಾರಿಯಿಂದಲೇ. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ಅವರು, ಅದರಲ್ಲಿ ಕರ್ಣಾಟಕ ಸಂಗೀತವನ್ನು ನುಡಿಸಲು ಹೊರಟರು. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಿ, ಅರ್ಧ ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನ ಕೀಲಿಗಳಿಗೆ ಆ ಸೌಲಭ್ಯವಿಲ್ಲ; ರಂಧ್ರವು ಮುಚ್ಚಿರಬೇಕು, ಇಲ್ಲವೆ ತೆರೆದಿರಬೇಕು. ಗಮಕಗಳಿಲ್ಲದೆ ರಾಗವೆಲ್ಲಿ? ಗೋಪಾಲನಾಥರು ದೀರ್ಘಕಾಲದ ಸಾಧನೆಯಿಂದ, ಮೌತ್‌ಪೀಸಿನ ಮೇಲೆ ತುಟಿಯ ಮತ್ತು ದವಡೆಯ ಒತ್ತಡವನ್ನು ನವುರಾಗಿ ಬದಲಿಸುತ್ತ, ರೀಡನ್ನು ತಾವು ಬಯಸಿದಂತೆ ಬಾಗಿಸಿ ಗಮಕಗಳನ್ನು ಹೊರಡಿಸಿದರು. ಕೈಯ ಕೆಲಸವನ್ನು ಬಾಯಿಗೆ ವಹಿಸಿಕೊಟ್ಟರೆಂದೇ ಹೇಳಬಹುದು. 1994ರಲ್ಲಿ ಲಂಡನ್ನಿನ ಪ್ರಸಿದ್ಧ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅವರು ನುಡಿಸಿದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಕರಾವಳಿಯ ಮದುವೆಯ ಮಂಟಪಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ, ಇರುಳೆಲ್ಲ ನಡೆಯುವ ಭೂತದ ನೇಮಗಳಲ್ಲಿ ಈಗ ಸ್ಯಾಕ್ಸೊಫೋನಿನ ದನಿಯು ಸಾಮಾನ್ಯವಾಗಿ ಕೇಳಿಬರುತ್ತದೆ. ಅಲ್ಲಿ ಊದುವ ಕಲಾವಿದರು ಅದನ್ನು ಪರದೇಶದ ವಾದ್ಯವೆಂದು ಬಗೆಯುವುದಿಲ್ಲ.